ಆರು ತಿಂಗಳ ಆನ್‌ಲೈನ್ ‘ನರ್ಸ್ ಪ್ರಾಕ್ಟೀಷನರ್’ ಕೋರ್ಸಿಗೆ ಮಾನ್ಯತೆ ಇದೆಯೇ? – ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: “ಹೊಸ ಕಾಯ್ದೆ ಬಂದಿದೆ, ಆರು ತಿಂಗಳ ಆನ್‌ಲೈನ್ ಕೋರ್ಸ್ ಮುಗಿಸಿದ ನರ್ಸುಗಳು ಸ್ವಂತ ಕ್ಲಿನಿಕ್ ತೆರೆದು ಔಷಧಿ ಬರೆಯಬಹುದು” ಎಂಬ ಫಾರ್ವರ್ಡ್ ಸಂದೇಶದ ಕುರಿತು ಹಲವರು ಕೇಳುತ್ತಿರುವುದರಿಂದ, ಕಾರವಾರದ ನಿವೃತ್ತ ನರ್ಸಿಂಗ್ ಪ್ರಾಧ್ಯಾಪಕಿಯೊಬ್ಬರು ಇಲ್ಲಿ ಉತ್ತರಿಸಲು ಒಪ್ಪಿದ್ದಾರೆ.

ಕುಮಟಾದ ಸದಸ್ಯೆ: ಮೇಡಂ, ನಾನು ಜಿಎನ್‌ಎಂ (ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ) ಮಾಡಿದ್ದೇನೆ. ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೆ ಸೇರಬಹುದೇ?

ಪ್ರಾಧ್ಯಾಪಕಿ: ನರ್ಸ್ ಪ್ರಾಕ್ಟೀಷನರ್ ಎಂದರೆ ಹೆಚ್ಚಿನ ತರಬೇತಿ ಪಡೆದು ಹೆಚ್ಚಿನ ಹೊಣೆ ಹೊರುವ ನರ್ಸ್. ತೀವ್ರ ನಿಗಾ ವಿಭಾಗದ (ಐಸಿಯು) ಎನ್‌ಪಿಸಿಸಿ, ಅಂದರೆ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಕೋರ್ಸಿಗೆ ಸೇರಲು ಬಿ.ಎಸ್ಸಿ. ನರ್ಸಿಂಗ್ ಬೇಕು. ಸೂಲಗಿತ್ತಿ ಸೇವೆಯ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ತರಬೇತಿಗೆ ಹೆರಿಗೆ ಕೋಣೆಯ ಅನುಭವವಿರುವ ಜಿಎನ್‌ಎಂ ನರ್ಸುಗಳೂ ಅರ್ಹರು. ಅದು ಕೇಂದ್ರ ಆರೋಗ್ಯ ಸಚಿವಾಲಯದ 2018ರ ಮಾರ್ಗಸೂಚಿಯಲ್ಲಿದೆ.

ಅಂಕೋಲಾದ ಪೋಷಕರು: ನಮಸ್ಕಾರ ಮೇಡಂ. ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಗೋವಾದ ಆಸ್ಪತ್ರೆಯೊಂದರ ಐಸಿಯುನಲ್ಲಿ ಎರಡು ವರ್ಷಗಳಿಂದ ಕೆಲಸದಲ್ಲಿದ್ದಾಳೆ. ಏಜೆಂಟರೊಬ್ಬರು ಆರು ತಿಂಗಳ ಆನ್‌ಲೈನ್ ‘ನರ್ಸ್ ಪ್ರಾಕ್ಟೀಷನರ್ ಫೆಲೋಶಿಪ್’ ಮಾಡಿದರೆ ಅಮೆರಿಕದಲ್ಲಿ ನೇರವಾಗಿ ಕೆಲಸ ಸಿಗುತ್ತದೆ ಎಂದಿದ್ದಾರೆ. ಅರ್ಧ ಶುಲ್ಕ ಕಟ್ಟಿ, ಮೂಲ ಅಂಕಪಟ್ಟಿಗಳನ್ನೂ ಕೊಟ್ಟಿದ್ದೇವೆ. ಈಗ ಕೆಲಸಕ್ಕೆ ರಾಜೀನಾಮೆ ಕೊಡಲು ಹೇಳುತ್ತಿದ್ದಾರೆ. ಏನು ಮಾಡಬೇಕು?

ಪ್ರಾಧ್ಯಾಪಕಿ: ರಾಜೀನಾಮೆ ಕೊಡಿಸಬೇಡಿ, ಉಳಿದ ಹಣವನ್ನೂ ಕಟ್ಟಬೇಡಿ. ನಿಮ್ಮ ಪ್ರಶ್ನೆ ಓದಿ ನನಗೆ ನಿಜಕ್ಕೂ ಆತಂಕವಾಗಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಭಾರತೀಯ ನರ್ಸಿಂಗ್ ಕೌನ್ಸಿಲ್ ರೂಪಿಸಿದ ಎನ್‌ಪಿಸಿಸಿ ಎಂಬುದು ಎರಡು ವರ್ಷಗಳ ಸ್ನಾತಕೋತ್ತರ ರೆಸಿಡೆನ್ಸಿ. ಬಿ.ಎಸ್ಸಿ. ಆದ ಮೇಲೆ ಕನಿಷ್ಠ ಒಂದು ವರ್ಷದ ಆಸ್ಪತ್ರೆಯ ಅನುಭವವಿಲ್ಲದೆ ಅದಕ್ಕೆ ಪ್ರವೇಶವಿಲ್ಲ. ಅದರ ಬಹುಪಾಲು ಅವಧಿ ಕಳೆಯುವುದು ತರಗತಿಯಲ್ಲಲ್ಲ, ರೋಗಿಯ ಹಾಸಿಗೆಯ ಪಕ್ಕದಲ್ಲಿ. ನಿಯಮ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. ವೆಂಟಿಲೇಟರಿನಲ್ಲಿರುವ ರೋಗಿಯ ಆಮ್ಲಜನಕದ ಮಟ್ಟ ನಡುರಾತ್ರಿ ಇದ್ದಕ್ಕಿದ್ದಂತೆ ಇಳಿಯತೊಡಗಿದಾಗ, ಗಂಟಲಿನ ಕೊಳವೆ ಸರಿದಿದೆಯೇ, ಕಫ ಕಟ್ಟಿ ಮುಚ್ಚಿಕೊಂಡಿದೆಯೇ, ಶ್ವಾಸಕೋಶದ ಸುತ್ತ ಗಾಳಿ ತುಂಬಿದೆಯೇ, ಯಂತ್ರವೇ ಕೈಕೊಟ್ಟಿದೆಯೇ ಎಂಬುದನ್ನು ಅಲ್ಲಿರುವ ನರ್ಸ್ ಕ್ಷಣಗಳಲ್ಲಿ ನಿರ್ಧರಿಸಬೇಕಾಗುತ್ತದೆ. ರೋಗಿಯನ್ನು ಯಂತ್ರದಿಂದ ಬಿಡಿಸಿ ಆಂಬು ಬ್ಯಾಗಿನಿಂದ ಉಸಿರು ಕೊಡುತ್ತಾ, ಎದೆಯ ಎರಡೂ ಬದಿ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಸಕ್ಷನ್ ಕೊಳವೆ ಸಲೀಸಾಗಿ ಇಳಿಯುತ್ತದೆಯೇ ಎಂದು ನೋಡಬೇಕು. ಬ್ಯಾಗ್ ಒತ್ತುವಾಗ ಅಂಗೈಗೆ ತಿಳಿಯುವ ಬಿಗಿತವನ್ನು ಮೊಬೈಲಿನ ಪರದೆ ಕಲಿಸಲಾರದು.

ಅಮೆರಿಕದ ವಿಷಯಕ್ಕೆ ಬಂದರೆ, ಅಲ್ಲಿ ಮೊದಲು ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರವಾನಗಿ ಪರೀಕ್ಷೆ ಪಾಸಾಗಿ ನರ್ಸಾಗಿ ನೋಂದಾಯಿಸಿಕೊಳ್ಳಬೇಕು, ಬಳಿಕ ಅಲ್ಲಿನ ಮಾನ್ಯತಾ ಸಂಸ್ಥೆ ಒಪ್ಪಿದ ಸ್ನಾತಕೋತ್ತರ ಅಥವಾ ಡಾಕ್ಟರೇಟ್ ಪದವಿ ಪಡೆಯಬೇಕು, ಆಮೇಲೆ ರಾಷ್ಟ್ರಮಟ್ಟದ ಪ್ರಮಾಣೀಕರಣ ಪರೀಕ್ಷೆ ಬರೆಯಬೇಕು. 2022ರ ಅಲ್ಲಿನ ರಾಷ್ಟ್ರೀಯ ಮಾನದಂಡಗಳ ಪ್ರಕಾರ ಕನಿಷ್ಠ 750 ಗಂಟೆ ರೋಗಿಗಳ ನೇರ ಆರೈಕೆಯ ತರಬೇತಿಯೂ ಆಗಬೇಕು. ನಿಮ್ಮ ಏಜೆಂಟರ ಪ್ರಮಾಣಪತ್ರಕ್ಕೆ ಈ ದಾರಿಯಲ್ಲಿ ಎಲ್ಲಿಯೂ ಸ್ಥಾನವಿಲ್ಲ.

ಅವರನ್ನು ಮೂರು ವಿಷಯ ಕೇಳಿ: ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು, ಕ್ಲಿನಿಕಲ್ ತರಬೇತಿ ಯಾವ ಆಸ್ಪತ್ರೆಯಲ್ಲಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಇದನ್ನು ಹೆಚ್ಚುವರಿ ವಿದ್ಯಾರ್ಹತೆಯಾಗಿ ನೋಂದಾಯಿಸಿಕೊಳ್ಳುತ್ತದೆಯೇ. ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಿರಿ.

ಹೊನ್ನಾವರದ ಸದಸ್ಯ: ಆದರೆ 2023ರ ಕಾಯ್ದೆ ಬಂದ ಮೇಲೆ ಕ್ಲಿನಿಕ್ ತೆರೆಯಬಹುದು ಎಂದು ಇದರಲ್ಲಿ ಸ್ಪಷ್ಟವಾಗಿದೆಯಲ್ಲ ಮೇಡಂ? (ಫಾರ್ವರ್ಡ್ ಸಂದೇಶ)

ಪ್ರಾಧ್ಯಾಪಕಿ: 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯನ್ನು ತಂದಿರುವುದು 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ. ಅದರಲ್ಲಿ ಶಿಕ್ಷಣಕ್ಕೆ, ಸಂಸ್ಥೆಗಳ ಮೌಲ್ಯಮಾಪನಕ್ಕೆ, ವೃತ್ತಿನೈತಿಕತೆ ಮತ್ತು ನೋಂದಣಿಗೆ ಪ್ರತ್ಯೇಕ ಮಂಡಳಿಗಳಿವೆ. ಆರು ತಿಂಗಳ ಕೋರ್ಸಿಗೆ ಕ್ಲಿನಿಕ್ಕಿನ ಪರವಾನಗಿ ಅದರಲ್ಲಿಲ್ಲ. ಈ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸಬೇಡಿ.

ಶಿರಸಿಯ ಔಷಧಿ ವ್ಯಾಪಾರಿ: ನರ್ಸುಗಳೇ ಚೀಟಿ ಬರೆಯುವುದಾದರೆ ವೈದ್ಯರು ಯಾಕೆ ಬೇಕು? ಶೆಡ್ಯೂಲ್ ಎಚ್ ಔಷಧಿಯನ್ನು ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಕೊಟ್ಟರೆ ನನ್ನ ಲೈಸೆನ್ಸಿಗೇ ಕುತ್ತು.

ಕಾರವಾರದ ಸ್ಟಾಫ್ ನರ್ಸ್: ಚೀಟಿ ಬರೆಯುತ್ತೇವೆಂದು ಇಲ್ಲಿ ಯಾರು ಹೇಳಿದರು? ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದಾಗ ಜೋಯಿಡಾದ ಒಳಹಳ್ಳಿಯ ಗರ್ಭಿಣಿಯ ಹತ್ತಿರ ಇರುವವಳು ನರ್ಸೇ. ಅವಳಿಗೆ ಹೆಚ್ಚಿನ ತರಬೇತಿ ಸಿಕ್ಕರೆ ನಿಮಗೇನು ನಷ್ಟ?

ಔಷಧಿ ವ್ಯಾಪಾರಿ: ಭಾವನೆಯಿಂದ ಕಾನೂನು ನಡೆಯುವುದಿಲ್ಲ ಸಿಸ್ಟರ್.

ಸ್ಟಾಫ್ ನರ್ಸ್: ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳನ್ನು ನಾವೂ ನೋಡಿದ್ದೇವೆ ಸರ್. ಕಾನೂನನ್ನು ಅಲ್ಲಿಂದ ಆರಂಭಿಸಿ.

ಔಷಧಿ ವ್ಯಾಪಾರಿ: ನನ್ನ ಅಂಗಡಿಯ ಬಗ್ಗೆ ಹೀಗೆ ಮಾತನಾಡುವುದು ಸರಿಯಲ್ಲ.

ಯಲ್ಲಾಪುರದ ಸದಸ್ಯ: ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಲಿ, ಈ ಚರ್ಚೆಯೇ ಬೇಕಾಗುವುದಿಲ್ಲ. ಅಪಘಾತವಾದರೆ ಇಂದಿಗೂ ಹುಬ್ಬಳ್ಳಿಯೇ ಗತಿ.

ಪ್ರಾಧ್ಯಾಪಕಿ: ಆಸ್ಪತ್ರೆಯ ಬೇಡಿಕೆ ನ್ಯಾಯವಾದದ್ದು, ಆದರೆ ಐಸಿಯು ಕಟ್ಟಿದ ಮೇಲೆ ಅದನ್ನು ರಾತ್ರಿಯಿಡೀ ನಡೆಸುವವರು ಯಾರು ಎಂಬುದೇ ಇಲ್ಲಿನ ವಿಷಯ. ಎನ್‌ಪಿಸಿಸಿ ಮುಗಿಸಿದವರು ಆಸ್ಪತ್ರೆಯ ಲಿಖಿತ ಪ್ರೋಟೋಕಾಲ್ ಮತ್ತು ಸ್ಥಾಯಿ ಆದೇಶಗಳ (ಮೊದಲೇ ಬರೆದಿಟ್ಟ ಚಿಕಿತ್ಸಾ ಸೂಚನೆಗಳ) ಮಿತಿಯೊಳಗೆ ಕೆಲಸ ಮಾಡುತ್ತಾರೆ. ಔಷಧಿ ಅಂಗಡಿಗೆ ಚೀಟಿ ಬರೆಯುವ ಪ್ರಶ್ನೆ ಅಲ್ಲಿ ಬರುವುದಿಲ್ಲ. ನೀವಿಬ್ಬರೂ ವೈಯಕ್ತಿಕ ಮಾತು ನಿಲ್ಲಿಸಿ.

ಭಟ್ಕಳದ ಸದಸ್ಯೆ: ನಾನು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ಆರು ತಿಂಗಳ ತರಬೇತಿಯೂ ನರ್ಸ್ ಪ್ರಾಕ್ಟೀಷನರ್‌ಗೆ ಸಮವೇ? ಸಮವಲ್ಲದಿದ್ದರೆ ನಮ್ಮ ಸೇವಾವಧಿಯನ್ನು ಮುಂದಿನ ಓದಿಗೆ ಪರಿಗಣಿಸುತ್ತಾರೆಯೇ?

ಮುಂಡಗೋಡದ ಸದಸ್ಯ: ಮೇಡಂ, ಜಿಎನ್‌ಎಂ ಆದವರು ಸೇರಬಹುದೇ?

ಪ್ರಾಧ್ಯಾಪಕಿ: ಮೊದಲ ಉತ್ತರವನ್ನೇ ಓದಿ.

ಸಿದ್ದಾಪುರದ ಸದಸ್ಯೆ: ದೂರಶಿಕ್ಷಣದ ಎಂ.ಎಸ್ಸಿ. ನರ್ಸಿಂಗ್ ನಡೆಯುತ್ತದೆಯೇ?

ಪ್ರಾಧ್ಯಾಪಕಿ: ಇಲ್ಲ.

ಹೊನ್ನಾವರದ ಸದಸ್ಯ: ಇದೇ ಸಂದೇಶ ಇನ್ನೊಂದು ಗುಂಪಿನಲ್ಲಿ ಸರ್ಕಾರದ ಲಾಂಛನದೊಂದಿಗೆ ಬಂದಿದೆ, ನೋಡಿ.

ಪ್ರಾಧ್ಯಾಪಕಿ: ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಇಂಥದ್ದೇ ಕೋರ್ಸಿನಿಂದ ಒಂದು ಕುಟುಂಬ ಹಣ ಕಳೆದುಕೊಂಡು ಕುಳಿತಿರುವುದನ್ನು ಇಲ್ಲೇ ಓದಿದ ಮೇಲೂ ಮತ್ತೆ ಹಾಕುತ್ತೀರಲ್ಲ! ನಿರ್ವಾಹಕರು ದಯವಿಟ್ಟು ಅಳಿಸಬೇಕು.

ಅಂಕೋಲಾದ ಪೋಷಕರು: ಮೇಡಂ, ಏಜೆಂಟರನ್ನು ಕೇಳಿದೆ. ಪೂರ್ತಿ ಶುಲ್ಕ ಕಟ್ಟಿದ ಮೇಲೆಯೇ ಆಸ್ಪತ್ರೆಯ ಹೆಸರು ತಿಳಿಸುತ್ತಾರಂತೆ.

ಪ್ರಾಧ್ಯಾಪಕಿ: ಹಾಗಾದರೆ ತರಬೇತಿಯ ಆಸ್ಪತ್ರೆಯೇ ಇಲ್ಲವೆಂದು ತಿಳಿಯಿರಿ. ಅಂಕಪಟ್ಟಿಗಳನ್ನೂ ಹಣವನ್ನೂ ಹಿಂದಿರುಗಿಸುವಂತೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಆ ಪತ್ರ ಮತ್ತು ಹಣ ಕಟ್ಟಿದ ರಸೀದಿಯೊಂದಿಗೆ ಪೊಲೀಸ್ ಠಾಣೆಗೆ ಹೋಗಿ. ಮಗಳು ಇವತ್ತೇ ತನ್ನ ಆಸ್ಪತ್ರೆಯಿಂದ, ಐಸಿಯು ಎಂದು ಸ್ಪಷ್ಟವಾಗಿ ನಮೂದಿಸಿದ ಅನುಭವ ಪತ್ರಕ್ಕೆ ಅರ್ಜಿ ಕೊಡಲಿ. ಎನ್‌ಪಿಸಿಸಿಗೆ ಅರ್ಜಿ ಹಾಕುವಾಗ ಬೇಕಾಗುವುದು ಅದೇ ಪತ್ರ.