ಗ್ರೀಸ್‌ನ ಬೆಟ್ಟದ ಹಳ್ಳಿಯಲ್ಲಿ ಕೆಲಸಕ್ಕೆ ಬದಲಾಗಿ ಊಟ-ವಸತಿ: ವೀಸಾ ಸಲಹೆಗಾರರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ ಮೇಡಂ. ಸಾಫ್ಟ್‌ವೇರ್ ಕೆಲಸದಿಂದ ಸ್ವಲ್ಪ ಬಿಡುವು ತೆಗೆದುಕೊಂಡಿದ್ದೇನೆ. ಗ್ರೀಸ್‌ನ ಉತ್ತರಕ್ಕೆ, ಜಗೋರಿ ಎಂಬ ಬೆಟ್ಟ ಸೀಮೆಯಲ್ಲಿ ಹಳೆಯ ಕಲ್ಲಿನ ಮನೆಯೊಂದನ್ನು ಗೆಸ್ಟ್‌ಹೌಸ್ ಮಾಡಿಕೊಂಡವರು ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದ್ದಾರೆ. ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ. ರೂಮು ಕ್ಲೀನ್ ಮಾಡುವುದು, ಬೆಳಗಿನ ತಿಂಡಿಗೆ ಕೈಜೋಡಿಸುವುದು, ಸೌದೆ ಒಟ್ಟುವುದು. ಅದಕ್ಕೆ ಬದಲಾಗಿ ಊಟ, ವಸತಿ. ಸಂಬಳ ಇಲ್ಲ. ನವೆಂಬರ್‌ನಿಂದ ಎರಡು ತಿಂಗಳು ಬನ್ನಿ ಅಂದಿದ್ದಾರೆ. ವೀಸಾ ಕೇಳಿದರೆ "ಟೂರಿಸ್ಟ್ ವೀಸಾ ಸಾಕು, ಎಲ್ಲರೂ ಹಾಗೇ ಬರುತ್ತಾರೆ" ಎಂಬ ಉತ್ತರ ಬಂತು. ನಾನು ದುಡ್ಡು ತಗೊಳ್ಳುವುದಿಲ್ಲ ಅಂದಮೇಲೆ ಅದು ಕೆಲಸ ಆಗಲ್ಲ ಅಲ್ವಾ?

ಉತ್ತರ: ಅದು ಕೆಲಸವೇ. ಗೆಸ್ಟ್‌ಹೌಸ್ ಅಂದರೆ ವ್ಯಾಪಾರ. ಅಲ್ಲಿ ರೂಮು ಕ್ಲೀನ್ ಮಾಡುವವರು ಸಂಬಳದ ಬದಲು ಊಟ, ಹಾಸಿಗೆ ಪಡೆದರೂ ಕೆಲಸಗಾರರೇ ಆಗುತ್ತಾರೆ. ನೀವು ಹೋಗದಿದ್ದರೆ ಆ ಕೆಲಸಕ್ಕೆ ಅವರು ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಿತ್ತು. ಅಧಿಕಾರಿಗಳು ನೋಡುವುದು ಹಾಗೇ.

"ಎಲ್ಲರೂ ಹಾಗೇ ಬರುತ್ತಾರೆ" ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಅವರ ಬಳಿ ಬರುವವರಲ್ಲಿ ಜರ್ಮನಿ, ಫ್ರಾನ್ಸ್, ಇಟಲಿಯವರು ಜಾಸ್ತಿ ಇರುತ್ತಾರೆ. ಯುರೋಪಿಯನ್ ಯೂನಿಯನ್ನಿನ ಪೌರರಿಗೆ ಗ್ರೀಸ್‌ನಲ್ಲಿ ಇರಲು, ದುಡಿಯಲು ವೀಸಾ ಬೇಕಿಲ್ಲ. ಮನೆಯವರು ಅದನ್ನೇ ನೋಡಿ ನಿಮಗೂ ಹೇಳಿರಬಹುದು. ಮೋಸ ಮಾಡುವ ಉದ್ದೇಶ ಇಲ್ಲದಿರಬಹುದು. ಆದರೆ ನಮ್ಮ ಪಾಸ್‌ಪೋರ್ಟಿಗೆ ಆ ಮಾತು ಹೊಂದುವುದಿಲ್ಲ.

ನಿಮಗೆ ಸಿಗುವುದು ಷೆಂಗೆನ್ ಕಿರು ಅವಧಿ ವೀಸಾ, ಅಂದರೆ ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಪ್ರವಾಸದ ವೀಸಾ ದುಡಿಯುವ ಹಕ್ಕು ಕೊಡುವುದಿಲ್ಲ. ಅರ್ಜಿಯಲ್ಲಿ ಬರುವ ಕಾರಣ ಬರೆಯಬೇಕು, ಎಲ್ಲಿ ಉಳಿಯುತ್ತೀರಿ ಎಂದು ತೋರಿಸಬೇಕು. ಮನೆಯವರು "ಸಹಾಯ ಮಾಡುತ್ತಾರೆ, ಬದಲಾಗಿ ಉಚಿತ ವಸತಿ" ಎಂದು ಪತ್ರ ಕೊಟ್ಟರೆ ಅರ್ಜಿ ತಿರಸ್ಕಾರ ಆಗುವ ಸಾಧ್ಯತೆಯೇ ಹೆಚ್ಚು. ಅದನ್ನು ಮುಚ್ಚಿಟ್ಟು, ಆಮೇಲೆ ರದ್ದು ಮಾಡುವ ಹೋಟೆಲ್ ಬುಕಿಂಗ್ ಲಗತ್ತಿಸಿದರೆ ನೀವು ಸುಳ್ಳು ಮಾಹಿತಿ ಕೊಟ್ಟಂತೆ. ಅರ್ಜಿಯ ವಿವರ ಷೆಂಗೆನ್ ದೇಶಗಳ ವೀಸಾ ದಾಖಲೆಯಲ್ಲಿ ಐದು ವರ್ಷ ಇರುತ್ತದೆ. ನಾಳೆ ಕಂಪನಿ ಕೆಲಸಕ್ಕೆ ನೆದರ್‌ಲ್ಯಾಂಡ್ಸ್‌ಗೆ ಅರ್ಜಿ ಹಾಕಿದರೂ ಅದು ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಇಪ್ಪತ್ತಾರು, ಇಪ್ಪತ್ತೇಳು ವಯಸ್ಸಿನವರು ಇಂಥ ಸಣ್ಣ ಆಸೆಗೆ ಮುಂದಿನ ದೊಡ್ಡ ಅವಕಾಶ ಕಳೆದುಕೊಳ್ಳುವುದು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಇನ್ನೊಂದು ವಿಷಯ ವಿಮೆಯದು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಬೇಕು. ಅಂಥ ಬಹಳಷ್ಟು ಪಾಲಿಸಿಗಳಲ್ಲಿ ದೈಹಿಕ ದುಡಿಮೆ ಮಾಡುವಾಗ ಆದ ಗಾಯ ಸೇರಿರುವುದಿಲ್ಲ. ಸೌದೆ ಸೀಳುವಾಗ ಕೈಗೆ ಪೆಟ್ಟಾದರೆ ಖರ್ಚು ನಿಮ್ಮ ತಲೆಗೇ ಬರಬಹುದು. ಪಾಲಿಸಿಯ ಸಣ್ಣಕ್ಷರ ಓದಿ.

ಅದೇ ಮೈಸೂರಿನವರು: ಅರ್ಥ ಆಯ್ತು ಮೇಡಂ. ಹಾಗಾದರೆ ನಮ್ಮಂಥವರಿಗೆ ನೇರ ದಾರಿಯೇ ಇಲ್ಲವಾ?

ಉತ್ತರ: ಇದೆ. ಆದರೆ ಗೆಸ್ಟ್‌ಹೌಸ್ ಮೂಲಕ ಅಲ್ಲ, ಸಂಸ್ಥೆಯ ಮೂಲಕ. ಯುರೋಪಿಯನ್ ಯೂನಿಯನ್ 2016ರಲ್ಲಿ ತಂದ ನಿರ್ದೇಶನವೊಂದರಲ್ಲಿ ಹೊರದೇಶದ ವಿದ್ಯಾರ್ಥಿಗಳು, ಸಂಶೋಧಕರ ಜೊತೆ ಸ್ವಯಂಸೇವಕರ ಮಾತೂ ಇದೆ. ಅದರ ಪ್ರಕಾರ ಕರೆಸಿಕೊಳ್ಳುವ ಸಂಸ್ಥೆ ನಿಮ್ಮ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಏನು ಕೆಲಸ, ಎಷ್ಟು ಗಂಟೆ, ಯಾರ ಮೇಲ್ವಿಚಾರಣೆ, ಊಟ ವಸತಿಯ ಖರ್ಚು ಹೇಗೆ ಎಂಬುದೆಲ್ಲ ಅದರಲ್ಲಿ ಇರಬೇಕು. ವಿಮೆಯೂ ಬೇಕು. ಯಾವ ಬಗೆಯ ಯೋಜನೆಗಳಿಗೆ ಇದು ಸಲ್ಲುತ್ತದೆ ಎಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ. ಹಾಗಾಗಿ ಸಂಸ್ಥೆಯ ಪತ್ರ ಕೈಗೆ ಬಂದಮೇಲೆ ದೆಹಲಿಯ ಗ್ರೀಸ್ ರಾಯಭಾರ ಕಚೇರಿಗೆ ಇಮೇಲ್ ಮಾಡಿ. ಉತ್ತರ ಬರಹದಲ್ಲಿ ಸಿಗುವವರೆಗೆ ಟಿಕೆಟ್ ತೆಗೆಯಬೇಡಿ.

ಯುರೋಪಿಯನ್ ಸಾಲಿಡಾರಿಟಿ ಕೋರ್ ಹೆಸರನ್ನೂ ನೀವು ಕೇಳಿರುತ್ತೀರಿ. 18ರಿಂದ 30 ವರ್ಷದವರಿಗೆ ಊಟ, ವಸತಿ, ಕೈಖರ್ಚು ಕೊಡುವ ಒಳ್ಳೆಯ ಯೋಜನೆ. ಆದರೆ ಅದು ಮುಖ್ಯವಾಗಿ ಯೂನಿಯನ್ನಿನ ಮತ್ತು ಅದರ ಸುತ್ತಲಿನ ದೇಶಗಳ ಯುವಜನರಿಗಾಗಿ ಇರುವುದು. ಅದನ್ನೇ ನಂಬಿಕೊಂಡು ಕೂರಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕಲಿಯಲು ಹೋಗುತ್ತಿದ್ದೆ. ಜಗೋರಿ ಇರುವ ಎಪಿರಸ್ ಪ್ರಾಂತ್ಯ ಕಲ್ಲುಕುಟಿಗರ ನಾಡು. ಕೋನಿತ್ಸಾ ಪಟ್ಟಣದ ಸುತ್ತಲಿನ ಹಳ್ಳಿಗಳಿಗೆ ಮೇಸ್ತ್ರಿಗಳ ಹಳ್ಳಿಗಳೆಂದೇ ಹೆಸರು. ಅಲ್ಲಿನ ಗಾರೆ ಕೆಲಸದವರು, ಬಡಗಿಗಳು ತಂಡ ಕಟ್ಟಿಕೊಂಡು ಊರೂರು ಸುತ್ತಿ ಮನೆ, ಸೇತುವೆ ಕಟ್ಟುತ್ತಿದ್ದರು. ಹೊರಗಿನವರಿಗೆ ಅರ್ಥ ಆಗದಂಥ ತಮ್ಮದೇ ಗುಟ್ಟಿನ ಮಾತು ಆಡುತ್ತಿದ್ದರು. ಗಾರೆ ಇಲ್ಲದೆ ಕಲ್ಲು ಜೋಡಿಸಿ ಗೋಡೆ ಕಟ್ಟುವ ಕಲೆ 2018ರಲ್ಲಿ ಯುನೆಸ್ಕೋ ಪರಂಪರೆ ಪಟ್ಟಿಗೆ ಸೇರಿತು. ಗ್ರೀಸ್ ಅದರಲ್ಲಿ ಒಂದು ದೇಶ. ಆ ಹಳೆಯ ಮೇಸ್ತ್ರಿ ತಂಡಗಳ ಹೆಸರನ್ನೇ ಇಟ್ಟುಕೊಂಡ ಬುಲೂಕಿ ಎಂಬ ಗುಂಪು ಎಪಿರಸ್‌ನಲ್ಲಿ ಕಲ್ಲುಹಾದಿ, ಕಲ್ಲುಗೋಡೆಗಳ ಕಾರ್ಯಾಗಾರ ನಡೆಸಿದೆ. ಇಂಥ ಕಡೆ ನೀವು ಕಲಿಯುವವರು. ಅರ್ಜಿಯಲ್ಲಿ ಕಾರ್ಯಾಗಾರದ ಪತ್ರವನ್ನೇ ಇಡುತ್ತೀರಿ, ಏನನ್ನೂ ಮುಚ್ಚಿಡಬೇಕಿಲ್ಲ. ಕೈಗೆ ಕೆಲಸವೂ ಸಿಗುತ್ತದೆ, ಊರಿನವರ ಜೊತೆ ಒಡನಾಟವೂ ಸಿಗುತ್ತದೆ.

ಪ್ರಶ್ನೆ (ಜರ್ಮನಿಯಿಂದ, ವಿದ್ಯಾರ್ಥಿ): ಅಕ್ಕಾ, ನಾನು ಹುಬ್ಬಳ್ಳಿಯವನು. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದೆ. ರಜೆಯಲ್ಲಿ ಗ್ರೀಸ್‌ಗೆ ಹೋಗಿ ಒಂದು ತಿಂಗಳು ಹೀಗೆ ಇರಬಹುದಾ? ಇಲ್ಲಿ ಪಾರ್ಟ್‌ಟೈಮ್ ಕೆಲಸಕ್ಕಂತೂ ಅನುಮತಿ ಇದೆ.

ಉತ್ತರ: ತಮ್ಮಾ, ಹೋಗಿ ಬರಬಹುದು, ಉಳಿಯಬಹುದು. 180 ದಿನಗಳಲ್ಲಿ 90 ದಿನದ ಲೆಕ್ಕ ನಿನಗೂ ಇದೆ. ಬೇರೆ ವೀಸಾ ಬೇಡ. ಆದರೆ ದುಡಿಯುವ ಅನುಮತಿ ಜರ್ಮನಿಯ ಒಳಗೆ ಮಾತ್ರ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ ಅಂತಾರಲ್ಲ, ಆ ಲೆಕ್ಕ ಗ್ರೀಸ್‌ಗೆ ಬರುವುದಿಲ್ಲ. ದುಡ್ಡು ಕೊಟ್ಟು ಉಳಿದುಕೋ, ಬೆಟ್ಟ ಹತ್ತು. ಮನೆಯವರ ಜೊತೆ ಬೀನ್ಸ್ ಬಿಡಿಸಿದರೆ ಯಾರೂ ಕೇಳುವುದಿಲ್ಲ. ಪಾಳಿ ಹಾಕಿಕೊಂಡು ರೂಮು ತೊಳೆಯುವುದು ಬೇರೆ.

ಪ್ರಶ್ನೆ (ನೆದರ್‌ಲ್ಯಾಂಡ್ಸ್‌ನಿಂದ): ನಾನು ಈಗ ಡಚ್ ಪೌರಳು, ಹುಟ್ಟಿದ್ದು ದಾವಣಗೆರೆ. ಹಾಗಾಗಿ ವೀಸಾ ತಲೆನೋವಿಲ್ಲ. ಜಗೋರಿಯಲ್ಲೇ ಚಳಿಗಾಲದ ಒಂದು ಅವಕಾಶ ಸಿಕ್ಕಿದೆ. ಒಪ್ಪುವ ಮುಂಚೆ ಏನೇನು ಕೇಳಬೇಕು?

ಉತ್ತರ: ನಿಮಗೆ ಕಾನೂನಿನ ದಾರಿ ಸಲೀಸು. ಮೂರು ತಿಂಗಳು ಮೀರಿದರೆ ಅಲ್ಲಿ ನೋಂದಣಿ ಮಾಡಿಸಿ, ಅಷ್ಟೇ. ಆದರೂ ಮನೆಯವರು ವ್ಯಾಪಾರ ನಡೆಸುವವರಾದರೆ ನಿಮ್ಮನ್ನು ಕಾರ್ಮಿಕ ಇಲಾಖೆಯ ಲೆಕ್ಕದಲ್ಲಿ ಹೇಗೆ ತೋರಿಸುತ್ತೀರಿ ಎಂದು ಕೇಳಿ. ದಾಖಲೆ ಇಲ್ಲದೆ ದುಡಿಸಿಕೊಂಡರೆ ಅಲ್ಲಿ ಮಾಲೀಕರಿಗೆ ಭಾರಿ ದಂಡ ಬೀಳುತ್ತದೆ.

ಈಗ ಚಳಿಗಾಲದ ಮಾತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫೋಟೋಗಳಲ್ಲಿ ಕಾಣುವುದು ಮೇ ತಿಂಗಳ ಜಗೋರಿ, ಇಲ್ಲವೇ ಎಲೆ ಬಣ್ಣ ತಿರುಗುವ ಅಕ್ಟೋಬರ್. ಒಟ್ಟು 46 ಹಳ್ಳಿಗಳು, ಕಲ್ಲಿನ ಗೋಡೆ, ಚಪ್ಪಡಿಕಲ್ಲಿನ ಮಾಡು, ಹೊಳೆಗಳ ಮೇಲೆ ಕಮಾನು ಸೇತುವೆ, ಪಕ್ಕದಲ್ಲಿ ವಿಕೋಸ್ ಕಮರಿ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಸೀಮೆ ಇದು. ಎಲ್ಲಕ್ಕಿಂತ ಎತ್ತರದ ವ್ರಾದೆತೊ ಸುಮಾರು 1,340 ಮೀಟರ್ ಮೇಲಿದೆ. ಕೊಡಗು, ಮಲೆನಾಡಿನ ಚಳಿ ನೋಡಿದವರಿಗೂ ಇದು ಬೇರೆಯೇ ಚಳಿ. ಹಿಮ ಬಿದ್ದರೆ ರಸ್ತೆ ಮುಚ್ಚುವುದೂ ಉಂಟು.

ಜೊತೆಗೆ ಊರು ಖಾಲಿ ಇರುತ್ತದೆ. ಇದಕ್ಕೆ ಹಳೆಯ ಕಾರಣ ಇದೆ. 1940ರಲ್ಲಿ ಇಟಲಿಯ ಸೈನ್ಯ ಇದೇ ಪಿಂಡಸ್ ಬೆಟ್ಟಸಾಲಿನ ಮೂಲಕ ನುಗ್ಗಿತು. ಊರಿನ ಹೆಂಗಸರು ಮದ್ದುಗುಂಡು, ಆಹಾರ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿಸಿದರು. ಅದು ಮುಗಿಯುವ ಹೊತ್ತಿಗೆ 1946ರಿಂದ 1949ರವರೆಗೆ ಅಂತರ್ಯುದ್ಧ, ಅದೂ ಇದೇ ಬೆಟ್ಟಗಳಲ್ಲಿ ಜೋರಾಗಿ ನಡೆಯಿತು. ಆಮೇಲೆ 1960ರಲ್ಲಿ ಪಶ್ಚಿಮ ಜರ್ಮನಿ ಗ್ರೀಸ್ ಜೊತೆ ಕೂಲಿಗಳನ್ನು ಕರೆಸಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಬೆಟ್ಟದ ಹುಡುಗರು ಅಲ್ಲಿಗೆ, ಆಸ್ಟ್ರೇಲಿಯಾಕ್ಕೆ, ಅಥೆನ್ಸ್‌ಗೆ ಹೊರಟರು. ಈಗ ಚಳಿಗಾಲದಲ್ಲಿ ಹಲವು ಹಳ್ಳಿಗಳಲ್ಲಿ ಉಳಿಯುವವರು ಬೆರಳೆಣಿಕೆಯ ಹಿರಿಯರು. ಮನೆಯವರಿಗೆ ಹೊರಗಿನ ಕೈಗಳು ಬೇಕಾಗುವುದು ಅದಕ್ಕೇ. ಅವರ ಕಷ್ಟ ನಿಜ. ಅದನ್ನು ತಿಳಿದುಕೊಂಡು ಹೋದರೆ ಕೆಲಸ ಭಾರ ಅನಿಸುವುದಿಲ್ಲ. ಆದರೆ ಅವರ ಕಷ್ಟ ನಿಮ್ಮ ಷರತ್ತುಗಳನ್ನು ಸಡಿಲ ಮಾಡಲು ಕಾರಣ ಆಗಬಾರದು.

ಹಾಗಾಗಿ ಮೊದಲು ಕೇಳಬೇಕಾದ್ದು ರೂಮಿನ ಬಗ್ಗೆ. ನನ್ನ ರೂಮಿಗೆ ಬಿಸಿ ಹೇಗೆ? ಕಟ್ಟಿಗೆ ಒಲೆಯೋ, ರೇಡಿಯೇಟರೋ? ಸೌದೆ ಯಾರ ಲೆಕ್ಕ? ಅತಿಥಿಗಳ ರೂಮುಗಳಿಗೆ ಬಿಸಿ ಇದ್ದು, ಸಹಾಯಕರನ್ನು ಕೆಳಗಿನ ಕಲ್ಲಿನ ಕೋಣೆಯಲ್ಲಿ ಮಲಗಿಸುವುದು ನಡೆಯುತ್ತದೆ. ರೂಮಿನ ವಿಡಿಯೋ ಕೇಳಿ, ಸುಮ್ನೆ ಒಂದು ಫೋಟೋ ಸಾಲದು. ಬಾಗಿಲಿಗೆ ಒಳಗಿನಿಂದ ಬೀಗ ಇರಬೇಕು, ಕೀಲಿ ನಿಮ್ಮ ಕೈಯಲ್ಲಿರಬೇಕು.

ಆಮೇಲೆ ಗಂಟೆ. ಕೆಲಸಕ್ಕೆ ಬದಲಾಗಿ ಊಟ-ವಸತಿ ಹೊಂದಿಸಿಕೊಡುವ ವೂಫ್, ವರ್ಕ್‌ಅವೇ ತರಹದ ಜಾಲತಾಣಗಳ ರೂಢಿಯಲ್ಲಿ ದಿನಕ್ಕೆ ನಾಲ್ಕರಿಂದ ಆರು ಗಂಟೆ, ವಾರದಲ್ಲಿ ರಜೆ. ಕ್ರಿಸ್‌ಮಸ್ ವಾರದಲ್ಲಿ ಅಥೆನ್ಸ್, ಥೆಸ್ಸಲೊನಿಕಿಯಿಂದ ಜನ ತುಂಬಿ ಬರುತ್ತಾರೆ. ಆಗ ಐದು ಗಂಟೆ ಹತ್ತಾಗುತ್ತದೆ. "ಜಾಸ್ತಿ ದುಡಿದ ಗಂಟೆಗೆ ಯಾವ ದಿನ ರಜೆ ಕೊಡುತ್ತೀರಿ?" ಎಂದು ಮೊದಲೇ ಬರೆಸಿಕೊಳ್ಳಿ. ಮೆಸೇಜ್ ಆದರೂ ಸಾಕು, ಆದರೆ ಅಕ್ಷರದಲ್ಲಿರಲಿ. ಹಿಂದೆ ಬಂದು ಹೋದ ಇಬ್ಬರ ಜೊತೆ ಫೋನಿನಲ್ಲಿ ಮಾತಾಡಿ. ಅವರಲ್ಲಿ ಒಬ್ಬರು ಹೆಂಗಸಾಗಿರಲಿ, ಚಳಿಗಾಲದಲ್ಲೇ ಬಂದವರಾಗಿರಲಿ. ಆ ಫೋನ್ ನಂಬರ್ ಕೊಡಲು ಹಿಂದೆಮುಂದೆ ನೋಡುವ ಮನೆಗೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ. ಹತ್ತಿರದ ಯೊಆನಿನಾ ನಗರದಲ್ಲಿ ಒಂದು ವಾರ ಹೋಟೆಲಿನಲ್ಲಿ ಉಳಿಯುವಷ್ಟು ದುಡ್ಡು ಬೇರೆಯೇ ಇಟ್ಟುಕೊಳ್ಳಿ. ಸರಿಬರದಿದ್ದರೆ ಮಾರನೇ ಬೆಳಗ್ಗೆ ಹೊರಡುವ ಸ್ವಾತಂತ್ರ್ಯ ಆ ದುಡ್ಡಿನಲ್ಲಿದೆ. ತುರ್ತಿಗೆ ಯುರೋಪಿನಾದ್ಯಂತ 112.

ಪ್ರಶ್ನೆ (ಉಡುಪಿಯಿಂದ, ತಾಯಿ): ಮಗಳು ಆ ಕಲ್ಲುಗೋಡೆಯ ಕಾರ್ಯಾಗಾರಕ್ಕೆ ಹೋಗುತ್ತೇನೆ ಎನ್ನುತ್ತಿದ್ದಾಳೆ. ನಾವು ಮೊಟ್ಟೆಯನ್ನೂ ತಿನ್ನದವರು. ಕುರಿ ಸಾಕುವ ಬೆಟ್ಟದೂರಲ್ಲಿ ಮಗು ಏನು ತಿನ್ನಬೇಕು?

ಉತ್ತರ: ಅಮ್ಮಾ, ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಅಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ವ್ರತ ಹಿಡಿಯುತ್ತಾರೆ. ಈಸ್ಟರ್‌ಗೆ ಮುಂಚೆ, ನವೆಂಬರ್ 15ರಿಂದ ಕ್ರಿಸ್‌ಮಸ್‌ವರೆಗೆ, ಆಗಸ್ಟ್ 1ರಿಂದ 14ರವರೆಗೆ, ಜೊತೆಗೆ ಬುಧವಾರ, ಶುಕ್ರವಾರ. ವ್ರತದ ಅಡುಗೆಗೆ ನಿಸ್ತಿಸಿಮೊ ಅನ್ನುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರುವುದಿಲ್ಲ. ಆದರೆ ಸೀಗಡಿ, ಕಪ್ಪೆಚಿಪ್ಪಿನಂಥವು ವ್ರತಕ್ಕೆ ನಡೆಯುತ್ತವೆ. ಅದನ್ನು ಮಗಳು ಕೇಳಿ ತಿಳಿದುಕೊಳ್ಳಲಿ. ಫಸೊಲಾದಾ ಎಂಬ ಬಿಳಿ ಬೀನ್ಸ್ ಸಾರು, ಬೇಯಿಸಿದ ಕಾಡುಸೊಪ್ಪಿಗೆ ನಿಂಬೆರಸ, ಎಣ್ಣೆ, ಸೊಪ್ಪು ತುಂಬಿದ ಪೀತಾ ಎಲ್ಲ ಊರಲ್ಲೂ ಸಿಗುತ್ತದೆ. ಎಪಿರಸ್‌ನವರು ಪೀತಾ ಮಾಡುವುದರಲ್ಲಿ ಎತ್ತಿದ ಕೈ. ಅದರೊಳಗೆ ಮೊಟ್ಟೆ ಇದೆಯೋ ಎಂದು ಪ್ರತಿ ಸಲ ಕೇಳಬೇಕು. ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಡಿ. ಅನ್ನಕ್ಕೆ ಅಕ್ಕಿ ಅಲ್ಲೇ ಸಿಗುತ್ತದೆ.

ಪ್ರಶ್ನೆ (ಶಿರಸಿಯಿಂದ): ನನಗೆ ಅರವತ್ತೆರಡು. ಅಡಿಕೆ ತೋಟ ಮಗ ನೋಡಿಕೊಳ್ಳುತ್ತಾನೆ. ಕೆಲಸ ಬೇಡ, ಸುಮ್ಮನೆ ಆ ಹಳ್ಳಿಗಳನ್ನು ನಡೆದು ನೋಡಬೇಕು. ಹೇಗೆ ಹೋಗುವುದು?

ಉತ್ತರ: ಸರ್, ನಿಮ್ಮದು ಎಲ್ಲರಿಗಿಂತ ಸರಳ ಅರ್ಜಿ. ಅಥೆನ್ಸ್‌ನಿಂದ ಕೆಟೆಲ್ ಎಂಬ ಅಲ್ಲಿನ ದೂರದೂರಿನ ಬಸ್ಸಿನಲ್ಲಿ ಯೊಆನಿನಾಕ್ಕೆ ಬನ್ನಿ. ಅಲ್ಲಿಂದ ಹಳ್ಳಿಗಳಿಗೆ ಬಸ್ಸು ದಿನವೂ ಇರುವುದಿಲ್ಲ. ಯಾವ ದಿನ ಇದೆ ಎಂದು ಬಸ್ ನಿಲ್ದಾಣದಲ್ಲೇ ಕೇಳಿ ಆಮೇಲೆ ರೂಮು ಗೊತ್ತು ಮಾಡಿ, ಇಲ್ಲದಿದ್ದರೆ ಟ್ಯಾಕ್ಸಿಗೆ ಸಿಕ್ಕಾಪಟ್ಟೆ ಆಗುತ್ತದೆ. ಮೇ ಕೊನೆಯಿಂದ ಜೂನ್ ಅಥವಾ ಸೆಪ್ಟೆಂಬರ್ ನಿಮಗೆ ಹಿತ. ಆಗಸ್ಟ್ 15ರ, ಯೇಸುವಿನ ತಾಯಿ ಮರಿಯಮ್ಮನ ಹಬ್ಬಕ್ಕೆ ವಲಸೆ ಹೋದವರೆಲ್ಲ ಊರಿಗೆ ಬರುತ್ತಾರೆ. ದೊಡ್ಡ ಮರದ ಕೆಳಗೆ ರಾತ್ರಿಯಿಡೀ ಕ್ಲಾರಿನೆಟ್ ವಾದನ, ಕುಣಿತ. ನೋಡಲೇಬೇಕು ಅನಿಸಿದರೆ ರೂಮು ಬಹಳ ಮುಂಚೆ ಹಿಡಿಯಿರಿ.

ಒಂದು ಎಚ್ಚರಿಕೆ. ಅಲ್ಲಿ ಕರಡಿಗಳಿವೆ, ತೋಳಗಳಿವೆ. ಆದರೆ ನಡೆಯುವವರಿಗೆ ನಿಜವಾಗಿ ಎದುರಾಗುವುದು ಕುರಿಹಿಂಡಿನ ನಾಯಿಗಳು. ಹಿಂಡು ಕಂಡರೆ ದೂರದಿಂದ ಸುತ್ತಿ ಹೋಗಿ, ನಡುವೆ ನುಗ್ಗಬೇಡಿ. ನಾಯಿ ಬಂದರೆ ಓಡಬೇಡಿ, ನಿಂತು ಕುರುಬರನ್ನು ಗಟ್ಟಿಯಾಗಿ ಕೂಗಿ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಹಾಕಬಹುದು, ತಡ ಅಂದರೆ 15 ದಿನ ಮುಂಚೆ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಎರಡು ಮೂರು ತಿಂಗಳ ಮುಂಚೆ ಹಾಕಿ. ಶುಲ್ಕ 2024ರ ಜೂನ್‌ನಿಂದ 90 ಯೂರೋ, ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ವಾಪಸ್ ಬಂದಮೇಲೂ ಮೂರು ತಿಂಗಳು ಚಾಲ್ತಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ತೋಟದ ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಡಿಕೆ ಮಾರಿದ ರಸೀದಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಇಡಿ. ಮಗನ ಖಾತೆಯಿಂದ ಖರ್ಚಾಗುವುದಾದರೆ ಅವನ ಪತ್ರವನ್ನೂ ಸೇರಿಸಿ.