ಅಪ್‌ಡೇಟ್: ಕೂದಲು ಉದುರುವಿಕೆಗೆ ಫಿನಾಸ್ಟರೈಡ್ ಎಷ್ಟು ಫಲಕಾರಿ?

ಗಂಡಸರ ಆನುವಂಶಿಕ ಬೋಳುತಲೆಗೆ ವೈದ್ಯರು ಬರೆದುಕೊಡುವ ಮಾತ್ರೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳಿದ್ದೆ. ಬಂದ ಉತ್ತರಗಳನ್ನೆಲ್ಲ ಸೋಸಿದರೆ ಸಿಗುವುದಿಷ್ಟು: ಇರುವ ಕೂದಲು ಉಳಿಸುವುದರಲ್ಲಿ ಇದು ಗಟ್ಟಿ, ಹೋದದ್ದನ್ನು ತರುವುದರಲ್ಲಿ ಅಷ್ಟಕ್ಕಷ್ಟೆ.

ದಿನಕ್ಕೆ 1 ಮಿ.ಗ್ರಾಂ ಫಿನಾಸ್ಟರೈಡ್ ರಕ್ತದಲ್ಲಿರುವ, ಕೂದಲಿನ ಬುಡವನ್ನು ಸೊರಗಿಸುವ ಡಿಎಚ್‌ಟಿ ಹಾರ್ಮೋನನ್ನು ಸುಮಾರು ಶೇ 60–70ರಷ್ಟು ತಗ್ಗಿಸುತ್ತದೆ. ಕೂದಲಿನ ಬುಡ ಸೊರಗುವುದು ಇದರಿಂದ ನಿಧಾನವಾಗುತ್ತದೆ. ನೆತ್ತಿಯಲ್ಲಿ ಫಲ ಹೆಚ್ಚು, ಹಣೆಯಂಚಿನಲ್ಲಿ ಕಡಿಮೆ. ಪೂರ್ತಿ ನುಣ್ಣಗಾದ ಜಾಗದಲ್ಲಿ ಮಾತ್ರೆ ತಾನೇ ಏನು ಮಾಡೀತು? ಬದಲಾವಣೆ ಕಾಣಲು 3ರಿಂದ 6 ತಿಂಗಳು, ತೀರ್ಮಾನಕ್ಕೆ 12 ತಿಂಗಳು ಬೇಕು. ಬಿಟ್ಟರೆ ಸುಮಾರು ವರ್ಷದೊಳಗೆ ಗಳಿಸಿದ್ದು ಹೋಗುತ್ತದೆ.

ಜೊತೆಗೆ ತಲೆಗೆ ಹಚ್ಚುವ, ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್‌ನಲ್ಲೇ ಹೆಚ್ಚಿನವರು ಎಡವುವುದು. ಶೇ 5ರ ದ್ರಾವಣ, 1 ಮಿ.ಲೀ., ದಿನಕ್ಕೆ 2 ಸಲ, ಒಣಗಿದ ತಲೆಯ ಚರ್ಮಕ್ಕೆ, ಕೂದಲಿಗಲ್ಲ. 4 ಗಂಟೆ ತೊಳೆಯಬಾರದು. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಬಹುದು, ಹಳೆಯದನ್ನು ಹೊಸ ಕೂದಲು ತಳ್ಳುವುದರಿಂದ. ಅಲ್ಲಿಗೇ ಹೆದರಿ ಬಿಟ್ಟರೆ ಕೆಟ್ಟಿತು.

ಫಿನಾಸ್ಟರೈಡ್ ಕೆಲವರಲ್ಲಿ ಕಾಮಾಸಕ್ತಿ, ನಿಮಿರುವಿಕೆ ಕುಗ್ಗಿಸುತ್ತದೆ, ಖಿನ್ನತೆಯೂ ವರದಿಯಾಗಿದೆ. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುವುದರಿಂದ ಪ್ರಾಸ್ಟೇಟ್ ತಪಾಸಣೆಯಲ್ಲಿ ಮಾತ್ರೆಯ ವಿಷಯ ಹೇಳಲೇಬೇಕು. ಗರ್ಭಿಣಿಯರು ಒಡೆದ ಮಾತ್ರೆ ಮುಟ್ಟುವಂತಿಲ್ಲ.