ಸಹಾಯ ಬೇಕು: 6 ವೋಲ್ಟ್ ಮಿಲಿಟರಿ ಜೀಪಿಗೆ ಸಾಮಾನು
ಅಣ್ಣಂದಿರೇ, ಹಿರಿಯೂರು ಹತ್ತಿರದ ತೋಟದ ಶೆಡ್ಡಲ್ಲಿ ಕೋಳಿ ಕೂರ್ತಿದ್ದ ಎರಡನೇ ಮಹಾಯುದ್ಧದ ಕಾಲದ ಜೀಪನ್ನ ಚಿತ್ರದುರ್ಗಕ್ಕೆ ಎಳ್ಕೊಂಡು ಬಂದಿದೀನಿ. ತುಕ್ಕು ಉಜ್ಜಿದ್ರೆ ಕೆಲವು ಬೋಲ್ಟಿನ ತಲೆ ಮೇಲೆ ‘ಎಫ್’ ಅಕ್ಷರ, ಅಂದ್ರೆ ಫೋರ್ಡ್ ಕಂಪನಿ ಮಾಡಿದ ಜಿಪಿಡಬ್ಲ್ಯು ಮಾದರಿ. ಆದ್ರೆ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡು ಪೈಪು, ಅದು ವಿಲ್ಲಿಸ್ ಕಂಪನಿ ಮಾಡಿದ ಎಂಬಿ ಮಾದರಿ ಗುರುತು. ಎರಡು ಗಾಡಿ ಸೇರಿಸಿ ಒಂದು ಮಾಡಿರ್ಬೇಕು. ಇರಲಿ.

ಬೇಕಿರೋದು 6 ವೋಲ್ಟ್ ಸ್ಟಾರ್ಟರ್ ಮೋಟರ್, ಕಾರ್ಟರ್ ಕಂಪನಿಯ ಡಬ್ಲ್ಯುಒ ಮಾದರಿ ಕಾರ್ಬುರೇಟರ್ (ಪೆಟ್ರೋಲು-ಗಾಳಿ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ). ಯಾರೋ ಪುಣ್ಯಾತ್ಮರು 12 ವೋಲ್ಟ್ ಬ್ಯಾಟರಿ ಕೊಟ್ಟು ಮೋಟರ್ ಸುಟ್ಟಿದಾರೆ. ದಾವಣಗೆರೆಯ ಮೆಕ್ಯಾನಿಕ್ ಒಬ್ರು “ಡೀಸೆಲ್ ಇಂಜಿನ್ ಕೂರ್ಸಿ ಬಿಡ್ರಿ ಸಾರ್” ಅಂದ್ರು. ಮನಸ್ಸು ಒಪ್ಪಲಿಲ್ಲ; 60 ಅಶ್ವಶಕ್ತಿಯ ಮೂಲ ಪೆಟ್ರೋಲ್ ಇಂಜಿನ್ ಹ್ಯಾಂಡಲ್ ಹಾಕಿದ್ರೆ ಇನ್ನೂ ತಿರುಗುತ್ತೆ. ಮಹೀಂದ್ರ ಸಿಜೆ-3ಬಿ ಜೀಪಿನ ಸಾಮಾನು ತೋರಿಸ್ಬೇಡಿ, ಅದರ ಇಂಜಿನ್ ಹೆಡ್ಡೇ ಬೇರೆ. ಗುಜರಿಯಲ್ಲಿ ಕಂಡವರು ಫೋಟೋ ಹಾಕಿ, ಮುರಿದಿದ್ರೂ ಪರವಾಗಿಲ್ಲ.